ಕೆರೆ ಬಾರದ ಮನೆ

ನಮ್ಮೂರ ಕೆರೆಗೆ ಒಂದೇ ಕಡೆ ಕೂತು ಅಭ್ಯಾಸವಿಲ್ಲ. ಊರ ಪಡುವಣಕ್ಕೆ ಅದಕ್ಕೆಂದೇ ಏರಿ, ತೂಬು, ಬಟ್ಟೆ ಒಗೆಯುವ ಕಲ್ಲು ಎಲ್ಲ ಇವೆ. ಆದರೆ ಅದು ಅಲ್ಲಿರುವುದು ಮನಸ್ಸು ಬಂದಾಗ ಮಾತ್ರ. ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿರುತ್ತದೆ, ಇನ್ನೊಂದು ಮಧ್ಯಾಹ್ನ ಸೊಸೈಟಿ ಗೋದಾಮಿನ ಹಿಂದೆ ನೆರಳಲ್ಲಿ ಮಲಗಿರುತ್ತದೆ. ಮೀನು ಹಿಡಿಯುವವರು ಬಲೆ ಹೆಗಲಿಗೆ ಹಾಕಿಕೊಂಡು ಮೊದಲು ಕೆರೆಯನ್ನು ಹಿಡಿಯಬೇಕು. "ಕೆರೆ ಕಂಡ್ರಾ" ಎಂದು ಅವರು ಕೇಳುವುದು, "ಈಗ ತಾನೆ ಪೋಸ್ಟಾಫೀಸಿನ ಕಡೆ ಹೋಯ್ತು ನೋಡಿ" ಎಂದು ಹಾಲಿನವಳು ಹೇಳುವುದು, ಇದನ್ನು ಕೇಳಿಕೊಂಡೇ ನಾವು ದಿನಾ ಎದ್ದು ಹಲ್ಲುಜ್ಜುತ್ತೇವೆ.

ಹೊರಗಿನವರಿಗೆ ಇದೊಂದು ಸೋಜಿಗ. ನಮಗೆ ಇದರ ಉಪದ್ರವಗಳಷ್ಟೇ ಗೊತ್ತು. ನಮ್ಮ ಮಂಚಗಳ ಕಾಲು ಎದೆಮಟ್ಟ, ಹತ್ತಿ ಮಲಗಲು ಪಕ್ಕದಲ್ಲಿ ಮೆಟ್ಟಿಲು. ದೀಪದ ಸ್ವಿಚ್ಚು ಸೂರಿನ ಹತ್ತಿರ, ಒತ್ತಲು ಬಾಗಿಲ ಮೂಲೆಯಲ್ಲೊಂದು ಬಿದಿರು ಕೋಲು. ಟೀವಿಯನ್ನು ಜಂತೆಗೆ ನೇತುಹಾಕುತ್ತೇವಾದ್ದರಿಂದ ಧಾರಾವಾಹಿ ನೋಡುವ ಹೆಂಗಸರಿಗೆಲ್ಲ ಕತ್ತು ನೋವು. ಅಷ್ಟಾದರೂ ಮಿಕ್ಸಿ, ಫ್ರಿಜ್ಜು, ಫೋನು ಒಂದಲ್ಲ ಒಂದು ದಿನ ನೀರು ಕುಡಿದೇ ಕುಡಿಯುತ್ತವೆ. ನೀರು ಸೋಕಿದ ವಸ್ತುವಿಗೆ ವಾರಂಟಿ ಇಲ್ಲ ಎಂದು ಎಲ್ಲ ಕಂಪನಿಗಳೂ ಒಂದೇ ರಾಗ ಹಾಡುವುದರಿಂದ, ನಮ್ಮೂರಿನವರು ವಾರಂಟಿ ಕಾರ್ಡನ್ನು ಮಡಚಿ ಅಲುಗಾಡುವ ಮಂಚದ ಕಾಲಿಗೆ ಕೊಡುತ್ತಾರೆ.

ಇಷ್ಟೆಲ್ಲ ಗೊಣಗಿದರೂ ಕೆರೆ ಮನೆಯೊಳಕ್ಕೆ ಬಂತೆಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅದು ಹೊಸಿಲು ದಾಟಿ ಮೆಲ್ಲಗೆ ಬರುತ್ತದೆ, ಹಜಾರದಲ್ಲಿ ಮೊಣಕಾಲಷ್ಟು ನಿಲ್ಲುತ್ತದೆ, ಅಡುಗೆಮನೆಯಲ್ಲಿ ಏನು ಮಾಡಿದ್ದಾರೆಂದು ನೋಡುತ್ತದೆ, ಒಂದು ಊಟ ಮುಗಿಯುವಷ್ಟು ಹೊತ್ತು ಇದ್ದು ಹೊರಟುಹೋಗುತ್ತದೆ. ಮನೆಯವರು ಅರಿಶಿನ ಕುಂಕುಮ ಏರಿಸಿ, ಮೀನುಗಳಿಗೆ ಮಂಡಕ್ಕಿ ಎರಚಿ, ನೀರು ನಿಂತ ಗುರುತಿಗೆ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆಯುತ್ತಾರೆ. ಸಂಜೆ ಬೀದಿಯ ಹೆಂಗಸರನ್ನೆಲ್ಲ ಕರೆದು ಕುಂಕುಮ ಕೊಡುತ್ತಾರೆ. ಆ ಕುಂಕುಮಕ್ಕೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಎದುರುಮನೆ ದೇವೀರಮ್ಮನವರ ಗೋಡೆಯಲ್ಲಿ ಇಂಥ ಗೆರೆಗಳು ಸೀರೆಯ ಅಂಚಿನ ಹಾಗೆ ಒಂದರ ಮೇಲೊಂದು ಇವೆ. ಹೆಣ್ಣು ನೋಡಲು ಬಂದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಹೆಣ್ಣನ್ನು.

ನಮ್ಮ ಮನೆಗೆ ಕೆರೆ ಬಂದಿರಲಿಲ್ಲ. ಪಕ್ಕದ ಮನೆಗೆ ಬಂದು, ನಮ್ಮ ಜಗಲಿಯ ಅಂಚು ನೆಕ್ಕಿ, ಹಾಗೇ ಆಚೆಮನೆಗೆ ಹೋದದ್ದುಂಟು. ಅಪ್ಪ ತೀರಿಕೊಂಡ ವರ್ಷ, ಇದು ಕೆರೆಗೂ ಬೇಡವಾದ ಮನೆ ಎಂದು ಯಾರೋ ನೆಂಟರು ಅಂದದ್ದು ಅಮ್ಮನ ಕಿವಿಗೆ ಬಿತ್ತು. ಅದಾದ ಸ್ವಲ್ಪ ದಿನಕ್ಕೆ ಅಮ್ಮ ಬೀದಿಗೆಲ್ಲ ಸುದ್ದಿ ಹೇಳಿದಳು: ನಾವು ಚಿಕ್ಕಮ್ಮನ ಊರಿಗೆ ಹೋಗಿದ್ದಾಗ ಕೆರೆ ಬಂದು ಹೋಗಿದೆ, ನೆಲವೆಲ್ಲ ಒದ್ದೆ, ಒಲೆಯ ಹತ್ತಿರ ಬಸವನಹುಳುವಿನ ಚಿಪ್ಪು ಸಿಕ್ಕಿತು. ಆ ಚಿಪ್ಪನ್ನು ದೇವರ ಗೂಡಿನಲ್ಲಿಟ್ಟಳು. ಅಮ್ಮ ಅದನ್ನು ಏರಿಯ ಮೇಲೆ ಆರಿಸುವಾಗ ಅವಳ ಸೆರಗು ಹಿಡಿದು ನಿಂತಿದ್ದವಳು ನಾನು. ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ. ನನಗೆ ವಾರಿಜ ಅಂತ ಹೆಸರಿಟ್ಟವಳೂ ಅವಳೇ, ಹೆಸರಿನಲ್ಲಾದರೂ ನೀರಿರಲಿ ಅಂತ.

ಅಮ್ಮನ ಹೆಸರು ಸರ್ವಮಂಗಳ. ಸೀರೆಗೆ ಫಾಲ್ ಹಚ್ಚುತ್ತಾಳೆ, ಕುಚ್ಚು ಕಟ್ಟುತ್ತಾಳೆ, ಹೊಲಿಗೆ ಯಂತ್ರ ತುಳಿಯುತ್ತಲೇ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾಳೆ. ನನಗೆ ಮಾತು ಕಡಿಮೆ. ಬಿ.ಎ. ಮುಗಿದ ಮೇಲೆ ಇನ್ನೂ ಕಡಿಮೆಯಾಯಿತು. ಹೇಳಬೇಕೆಂದದ್ದನ್ನೆಲ್ಲ ಡೈರಿಯಲ್ಲಿ ಬರೆದುಬಿಡುವುದರಿಂದ ಬಾಯಿಗೆ ಏನೂ ಉಳಿಯುವುದಿಲ್ಲ. "ನಿನ್ನ ಮಗಳು ಓದಿದ್ದೆಲ್ಲ ಎಲ್ಲಿ ಇಟ್ಕೊಂಡಿದಾಳೆ ಮಂಗಳಾ, ಆಚೆಗೇ ಬರಲ್ವಲ್ಲ" ಎಂದು ದೇವೀರಮ್ಮ ಬಾಗಿಲಲ್ಲಿ ನಿಂತು ಕೇಳಿದರೆ, ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತು ಸೌಟು ತೊಳೆಯುತ್ತಿದ್ದೆ. ಆ ಸೌಟು ಸವೆದುಹೋಗಿತ್ತು.

ಹಾಗಿರುವಾಗ ಕ್ಯಾಮೆರಾ ಬಂತು. ಚಹಾಪುಡಿ ಕಂಪನಿಯೊಂದು ಪೊಟ್ಟಣದ ಮೂಲೆ ಕತ್ತರಿಸಿ ಕಳಿಸಿದರೆ ಬಹುಮಾನ ಎಂದಿತ್ತು. ಅಮ್ಮ ಬೀದಿಯ ಪೊಟ್ಟಣಗಳನ್ನೆಲ್ಲ ಕೂಡಿಹಾಕಿ ಕಳಿಸಿದಳು. ಅವಳ ಕಣ್ಣಿದ್ದದ್ದು ಮೂರನೇ ಬಹುಮಾನದ ಗ್ರೈಂಡರಿನ ಮೇಲೆ. ಬಂದದ್ದು ಮೊದಲನೇ ಬಹುಮಾನ. ಮದುವೆ ಮನೆಯ ದೊಡ್ಡ ಫೋಟೋಗ್ರಾಫರುಗಳ ಕೊರಳಲ್ಲಿ ಮಾತ್ರ ಕಾಣುವಂಥ, ಗಜಗಾತ್ರದ ಲೆನ್ಸಿನ, ಕಪ್ಪು ಭಾರದ ಕ್ಯಾಮೆರಾ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಹಿಟ್ಟು ಬೀಸಕ್ಕಾಗುತ್ತಾ" ಎಂದು ಕೇಳಿ ನನ್ನ ಕೈಗೆ ಕೊಟ್ಟಳು.

ಅದನ್ನು ಮುಖಕ್ಕೆ ಹಿಡಿದ ದಿನ ನನಗೊಂದು ವಿಷಯ ಗೊತ್ತಾಯಿತು. ಕ್ಯಾಮೆರಾ ಎದುರಿಗಿದ್ದರೆ ಜನ ನನ್ನನ್ನು ನೋಡುವುದಿಲ್ಲ, ಅದನ್ನು ನೋಡುತ್ತಾರೆ. ಏನೂ ಕೇಳುವುದಿಲ್ಲ, ತಲೆ ಬಾಚಿಕೊಳ್ಳುತ್ತಾರೆ. ಪರದೆಯನ್ನು ಕೊರಳಿಗೆ ಹಾಕಿಕೊಂಡು ಊರು ಸುತ್ತಿದ ಹಾಗೆ ನಾನು ಸುತ್ತಿದೆ. ಹೂ ಮಾರುವವರು, ಕೆರೆ ಹುಡುಕುವವರು, ಬಿದಿರು ಕೋಲಿನಿಂದ ದೀಪ ಹಚ್ಚುವ ಅಜ್ಜಿಯರು ಎಲ್ಲರೂ ಸಿಕ್ಕರು. ಹೆಣ್ಣುಮಕ್ಕಳ ಶಾಲೆಯ ದೊಡ್ಡ ಟೀಚರು ಕರೆಸಿ, "ದಸರಾ ರಜಾ ಮುಗಿದ ಮೇಲೆ ಮಕ್ಕಳ ಗುರುತಿನ ಚೀಟಿಗೆಲ್ಲ ನೀನೇ ಫೋಟೊ ತೆಗೀಬೇಕಮ್ಮ. ಚೆನ್ನಾಗಿ ಬಂದ್ರೆ ಪ್ರತಿ ವರ್ಷ ನಿಂದೇ" ಎಂದರು. ನನ್ನ ಜೀವನದಲ್ಲಿ ಯಾರಾದರೂ 'ನಿಂದೇ' ಎಂದದ್ದು ಅದೇ ಮೊದಲು.

ಅದೇ ವಾರ ಕ್ಯಾಮೆರಾ ಕೆಟ್ಟಿತು. ಚಿತ್ರದ ಮೇಲರ್ಧ ಕಪ್ಪಾಗಿ ಬರತೊಡಗಿತು. ಒಳಗಿನ ಶಟರ್ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿದೆ ಎಂದು ಬಜಾರಿನ ಸ್ಟುಡಿಯೊದವರು ಹೇಳಿದರು, ಸ್ವಲ್ಪ ಸಂತೋಷವಾಗಿಯೇ ಹೇಳಿದರು. ಯಾರ ಫೋಟೊ ತೆಗೆದರೂ ಕೊರಳಿನಿಂದ ಕೆಳಗೆ ಮಾತ್ರ. ದೇವೀರಮ್ಮ ತಮ್ಮ ಚಿತ್ರ ನೋಡಿ, "ಸರ ಚೆನ್ನಾಗಿ ಬಂದೈತೆ, ಆದ್ರೆ ಹಾಕ್ಕೊಂಡೋಳು ಯಾರು ಅಂತ ಗೊತ್ತಾಗಲ್ವಲ್ಲೇ" ಎಂದರು. ತಲೆಯಿಲ್ಲದ ಮಕ್ಕಳ ಗುರುತಿನ ಚೀಟಿಯನ್ನು ಯಾವ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ಅದೃಷ್ಟಕ್ಕೆ ಈ ವಾರಂಟಿ ಕಾರ್ಡು ಇನ್ನೂ ಮಂಚದ ಕಾಲಿಗೆ ಹೋಗಿರಲಿಲ್ಲ.

ಕ್ಯಾಮೆರಾವನ್ನು ಹಳೇ ಶಾಲಿನಲ್ಲಿ ಸುತ್ತಿಕೊಂಡು, ಪಟ್ಟಣದ ಸರ್ವಿಸ್ ಸೆಂಟರಿಗೆ ಒಬ್ಬಳೇ ಬಸ್ಸಿನಲ್ಲಿ ಹೋದೆ. ಅಲ್ಲಿ ಗಾಜಿನ ಹಿಂದೆ ನೀಲಿ ಕೋಟು ಹಾಕಿಕೊಂಡ ಹುಡುಗಿ ಇದ್ದಳು. ನನ್ನ ವಿಳಾಸ ಓದಿದ ಕೂಡಲೇ ಪೆನ್ನು ಕೆಳಗಿಟ್ಟಳು.

"ಓ, ನೀವು ಆ ಊರೋರಾ. ಆ ಊರಿನ ಐಟಂಗೆ ವಾರಂಟಿ ಕೊಡಲ್ಲ ಮೇಡಂ. ಅಲ್ಲಿಂದ ಬಂದ ಮಿಕ್ಸಿ ಬಿಚ್ಚಿದ್ರೆ ಒಳಗೆ ಕಪ್ಪೆ ಇರುತ್ತೆ ಅಂತಾರೆ ನಮ್ಮ ಮೆಕ್ಯಾನಿಕ್ಕು."

"ಇದರಲ್ಲಿ ಇಲ್ಲ" ಎಂದೆ.

"ಏನಂದ್ರಿ? ಸ್ವಲ್ಪ ಜೋರಾಗಿ."

"ಕಪ್ಪೆ ಇಲ್ಲ."

ಅವಳಿಗೆ ನಗು ಬಂತು. ಒಳ್ಳೆಯವಳು, ಒಳಗೆ ತೆಗೆದುಕೊಂಡು ಹೋಗಿ ಬಿಚ್ಚಿಸಿಕೊಂಡು ಬಂದಳು. ಕ್ಯಾಮೆರಾದ ಒಳಗೆ ಒಂದು ಪುಟ್ಟ ಬಿಳಿ ಪಟ್ಟಿ ಅಂಟಿಸಿರುತ್ತಾರಂತೆ. ನೀರು ಸೋಕಿದರೆ ಅದು ಕೆಂಪಾಗುತ್ತದಂತೆ. ನನ್ನದು ಬಿಳಿಯೂ ಅಲ್ಲ, ಕೆಂಪೂ ಅಲ್ಲ, ನಸುಗುಲಾಬಿ. "ಇದು ಡೌಟ್ ಕೇಸು ಮೇಡಂ. ನಿಮ್ಮ ಮನೆಗೆ ಆ ಕೆರೆ ಬಂದಿತ್ತಾ?"

ಅಪರಿಚಿತ ಊರು, ನಡುವೆ ಗಾಜು, ಆಚೆಗೆ ನನ್ನನ್ನು ಮತ್ತೆ ಯಾವತ್ತೂ ನೋಡದ ಹುಡುಗಿ. ಅದಕ್ಕೇ ಇರಬೇಕು, ಮಾತು ಸಲೀಸಾಗಿ ಬಂತು. "ನಮ್ಮನೆಗೆ ಬಂದಿಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಅವಳಿಗೇನು, ಬರೆದುಕೊಂಡಳು. "ಹಾಗಾದ್ರೆ ಕ್ಯಾಮೆರಾ ಇಲ್ಲೇ ಬಿಟ್ಟುಹೋಗಿ. ನಮ್ಮ ಇಂಜಿನಿಯರು ಬಂದು ಮನೆ ನೋಡ್ತಾರೆ, ಅಕ್ಕಪಕ್ಕದೋರನ್ನ ಕೇಳ್ತಾರೆ. ನೀರು ಬಂದಿಲ್ಲ ಅಂತ ಆದ್ರೆ ಫ್ರೀಯಾಗಿ ರಿಪೇರಿ. ಬಂದಿದೆ ಅಂತ ಯಾರಾದ್ರೂ ಹೇಳಿದ್ರೆ ಆಗಲ್ಲ." ಅಕ್ಕಪಕ್ಕದವರು. ನಮ್ಮ ಅಕ್ಕಪಕ್ಕದವರು.

ಮನೆಗೆ ಬಂದು ಅಮ್ಮನಿಗೆ ಅರ್ಧ ಹೇಳಿದೆ. ಉಳಿದರ್ಧ ಹೇಳಲು ಆ ಚಿಪ್ಪಿನ ಮಾತೆತ್ತಬೇಕಿತ್ತು.

"ಮನೆ ನೋಡೋಕೆ ಒಬ್ರು ಬರ್ತಾರಂತೆ ಅಮ್ಮ."

ಯಂತ್ರ ನಿಂತಿತು. "ಮನೆ ನೋಡೋಕಾ? ಹುಡುಗನ ಕಡೆಯೋರಾ?"

"ಅಲ್ಲ, ಕ್ಯಾಮೆರಾ ಕಡೆಯೋರು."

"ಯಾವ ಕಡೆಯೋರಾದ್ರೇನು, ಮನೆ ನೋಡೋರು ಅಂದ್ರೆ ಮನೆ ನೋಡೋರೇ" ಎಂದು ಅಮ್ಮ ಎದ್ದಳು.

ಆಮೇಲೆ ಅವಳನ್ನು ಯಾರು ತಡೆಯುತ್ತಾರೆ. ಹಜಾರಕ್ಕೆ ಸುಣ್ಣ ಬಳಿದಳು. ಬೀದಿಗೆಲ್ಲ ಹೇಳಿಬಂದಳು. ದೇವೀರಮ್ಮ ತಮ್ಮ ಹಿತ್ತಾಳೆ ತಟ್ಟೆ ತಂದುಕೊಟ್ಟು, "ಕೆರೆ ವಿಷ್ಯ ಕೇಳಿದ್ರೆ ನನಗೆ ಬಿಡು, ನಾನು ಹೇಳ್ತೀನಿ" ಎಂದರು. ಇಂಜಿನಿಯರು ಬರುವ ಹಿಂದಿನ ದಿನ ಸಂಜೆ ನಾನು ಅಂಗಡಿಯಿಂದ ಬಂದಾಗ ಅಮ್ಮ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಕೆಮ್ಮಣ್ಣಿನ ಬಟ್ಟಲು. ಹೊಸ ಸುಣ್ಣದ ಮೇಲೆ, ಮೊಣಕಾಲಿನ ಮಟ್ಟಕ್ಕೆ, ಒಂದು ಗೆರೆ. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದಳೇ ಹೊರತು ಗೆರೆ ಎಳೆಯುವ ಧೈರ್ಯ ಮಾಡಿರಲಿಲ್ಲ. "ನೆಟ್ಟಗಿದ್ಯಾ ನೋಡೇ" ಎಂದಳು. ಈಗಲಾದರೂ ಹೇಳಬೇಕಿತ್ತು. ನೆಟ್ಟಗಿದೆ ಎಂದೆ.

ಇಂಜಿನಿಯರು ಇನಾಯತ್ ಎನ್ನುವವರು. ಮೆದುಮಾತಿನ, ನಡುವಯಸ್ಸಿನ ಮನುಷ್ಯ. ನಮ್ಮೂರಿನ ಬಗ್ಗೆ ಮೊದಲೇ ಕೇಳಿದ್ದರೇನೋ, ಬಸ್ಸಿಳಿಯುವಾಗಲೇ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದಿದ್ದರು. ಕೆರೆ ಅವತ್ತು ಬೇರೆಲ್ಲೋ ಇತ್ತು. ಒಣರಸ್ತೆಯಲ್ಲಿ ಬರಿಗಾಲಲ್ಲಿ ಬಂದ ಅವರನ್ನು ನೋಡಿ ಬೀದಿಗೆಲ್ಲ ಗೌರವ ಹುಟ್ಟಿತು. ಎಷ್ಟು ವಿನಯ ನೋಡಿ, ಬಾಗಿಲಿಗೆ ಇನ್ನೂ ಅಷ್ಟು ದೂರ ಇದ್ದಾಗಲೇ ಚಪ್ಪಲಿ ಬಿಟ್ಟಿದ್ದಾರೆ ಎಂದರು.

ನಾನು ಪರದೆಯ ಹಿಂದಿದ್ದೆ. ಅವರು ಕುರ್ಚಿಯಲ್ಲಿ ಕೂತು, ಚೀಲದಿಂದ ನನ್ನ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು. ತೇವ ಅಳೆಯುವ ಒಂದು ಸಣ್ಣ ಯಂತ್ರವನ್ನು ಗೋಡೆಗೆ ಮುಟ್ಟಿಸಿದರು. ಅದು ಕೀಂ ಎಂದಿತು. ಕುರ್ಚಿಗೆ ಮುಟ್ಟಿಸಿದರು, ಕೀಂ. ಅಮ್ಮ ಕೊಟ್ಟ ಚಕ್ಕುಲಿಗೆ ಮುಟ್ಟಿಸಿದರು, ಅದಕ್ಕೂ ಕೀಂ. ಈ ಊರಲ್ಲಿ ಇದರಿಂದ ಪ್ರಯೋಜನವಿಲ್ಲ ಎಂದು ಯಂತ್ರ ಒಳಗಿಟ್ಟು, ಚಕ್ಕುಲಿ ತಿಂದರು. ತಿನ್ನುತ್ತಾ ಗೋಡೆಯ ಗೆರೆಯ ಮೇಲೆ ಬೆರಳಾಡಿಸಿದರು. ಬೆರಳು ನೋಡಿಕೊಂಡರು. ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಇಡೀ ಬೀದಿ ನಿಂತಿತ್ತು.

"ಈ ಮನೆಗೆ ಕೆರೆ ಬಂದಿತ್ತಾ? ಯಾರಿಗಾದ್ರೂ ಗೊತ್ತಾ?"

"ಏನ್ ಸಾರ್ ಹಿಂಗ್ ಕೇಳ್ತೀರಾ" ಎಂದರು ದೇವೀರಮ್ಮ, ಮನಸ್ಸಿಗೆ ನೋವಾದವರ ಹಾಗೆ. "ಮಂಗಳನ ಮನೆಗೆ ಬರದೆ ಇನ್ಯಾರ ಮನೆಗೆ ಬರುತ್ತೆ? ಬಂದೈತೆ."

"ನೀವು ನೋಡಿದ್ರಾ?"

"ನೋಡ್ದೆ ಏನು? ಮೊಣಕಾಲು ತಂಕ."

"ಮೊಣಕಾಲಾ?" ಹಿಂದಿನಿಂದ ಇನ್ನೊಬ್ಬಾಕೆ. "ಸೊಂಟದ ತಂಕ ಇತ್ತು. ಈ ಕಿಟಕಿಯಿಂದ ಮೀನು ಇಣುಕಿ ನೋಡ್ತಿತ್ತು ಸಾರ್."

"ವರ್ಷ ವರ್ಷ ಬರುತ್ತೆ" ಎಂದರು ಪಕ್ಕದ ಮನೆಯವರು, ಅವರ ಮನೆಗೆ ಬಂದ ಕೆರೆ ನಮ್ಮ ಜಗಲಿ ದಾಟಿ ಆಚೆಮನೆಗೆ ಹೋಗುತ್ತಿತ್ತು ಎಂಬುದನ್ನು ಮರೆತು. "ನಮ್ಮನೆಗೆ ಬರೋದೇ ಇಲ್ಲಿಗೆ ಬರೋ ದಾರಿ ಅಂತ."

ಒಬ್ಬೊಬ್ಬರೂ ಒಂದೊಂದು ಮೊಳ ಸೇರಿಸಿದರು. ಅವರ ಪ್ರೀತಿಯಲ್ಲಿ ನನ್ನ ಕ್ಯಾಮೆರಾ ಮುಳುಗುತ್ತಾ ಹೋಯಿತು. ಅಮ್ಮ ಹಿಗ್ಗಿನಿಂದ ದೇವರ ಗೂಡಿನ ಚಿಪ್ಪು ತಂದು ಹಿತ್ತಾಳೆ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. "ಒಲೆ ಹತ್ರ ಬಿಟ್ಟು ಹೋಗಿತ್ತು."

ಇನಾಯತ್ ಅವರು ಚಿಪ್ಪು ನೋಡಿದರು, ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಏನೂ ಮಾಡೋಕಾಗಲ್ಲಮ್ಮ. ಕೆರೆ ಬಂದ ಮನೆ ಕ್ಯಾಮೆರಾಗೆ ವಾರಂಟಿ ಇಲ್ಲ. ಬಂದಿಲ್ಲ ಅಂತ ನಿಮ್ಮ ಮಗಳು ಆಫೀಸಲ್ಲಿ ಹೇಳಿದ್ರು ಅಂತ ನಾನು ಬಂದೆ."

ಅಮ್ಮನ ಕೈಯ ತಟ್ಟೆಯಲ್ಲಿ ಚಿಪ್ಪು ಒಂದು ಸುತ್ತು ಉರುಳಿ ನಿಂತಿತು. ಅಮ್ಮ ತಿರುಗಿ ಪರದೆಯ ಕಡೆ ನೋಡಿದಳು. "ಹಂಗಂದ್ಯಾ?" ಎಂದು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ನಾನು ಆಚೆ ಬಂದೆ. ಅಷ್ಟು ಜನರ ಎದುರಿಗೆ, ಮುಖಕ್ಕೆ ಏನೂ ಅಡ್ಡವಿಲ್ಲದೆ. ಮೇಜಿನ ಮೇಲೆ ಕ್ಯಾಮೆರಾ ಇತ್ತು, ಅದರ ಹಿಂದೆ ಅಮ್ಮ ಇದ್ದಳು. ಹೊಸ ಸುಣ್ಣದ ಚುಕ್ಕೆಗಳು ಅವಳ ಮೂಗಿನ ಮೇಲೆ ಇನ್ನೂ ಹಾಗೇ ಇದ್ದವು. ಶಾಲೆಯ ಮಕ್ಕಳು ಸಾಲಾಗಿ ನಿಂತದ್ದು, ಒಬ್ಬೊಬ್ಬಳೂ ರಿಬ್ಬನ್ ಸರಿಮಾಡಿಕೊಳ್ಳುವುದು, ನಾನು ಮನಸ್ಸಿನಲ್ಲಿ ಎಷ್ಟೋ ಸಲ ತೆಗೆದಿದ್ದ ಚಿತ್ರಗಳು ಒಮ್ಮೆ ಕಣ್ಣ ಮುಂದೆ ಹಾದವು.

"ಬಂದಿದೆ ಸಾರ್" ಎಂದೆ. "ಆಫೀಸಲ್ಲಿ ನಾನು ಹೇಳಿದ್ದು ಸುಳ್ಳು. ನಮ್ಮನೆಗೆ ಕೆರೆ ಬಂದಿದೆ."

ಅಷ್ಟು ಉದ್ದದ ಮಾತನ್ನು ನಾನು ಬೀದಿಯ ಎದುರಿಗೆ ಆಡಿದ್ದು ಅದೇ ಮೊದಲು. ದೇವೀರಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ. ಇನಾಯತ್ ಅವರು ಕ್ಯಾಮೆರಾವನ್ನು ನನ್ನ ಕಡೆ ತಳ್ಳಿ ಎದ್ದರು.

"ಕೂತ್ಕೊಳ್ಳಿ" ಎಂದಳು ಅಮ್ಮ. ತಟ್ಟೆ ಕೆಳಗಿಟ್ಟಳು. "ಅವಳು ಸುಳ್ಳು ಹೇಳ್ತಿದಾಳೆ. ಅವಳಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ಕಿವಿ ನೋಡಿ ಹೆಂಗೆ ಕೆಂಪಾಗಿವೆ. ಅಭ್ಯಾಸ ಇರೋದು ನನಗೆ. ಈ ಮನೆಗೆ ಕೆರೆ ಬಂದಿಲ್ಲ. ಈ ಗೆರೆ ನಿನ್ನೆ ಎಳೆದಿದ್ದು."

"ಗೊತ್ತಾಯ್ತು" ಎಂದು ಅವರು ಕೆಂಪಾದ ಬೆರಳು ತೋರಿಸಿದರು.

ಆದರೆ ನಮ್ಮ ಬೀದಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ಮಂಗಳನಿಗೆ ಸಂಕೋಚ ಸಾರ್" ಎಂದು ದೇವೀರಮ್ಮ ಮುಂದೆ ಬಂದರು. "ತನ್ನ ಮನೆ ಹೆಚ್ಚುಗಾರಿಕೆ ತಾನೇ ಹೇಳ್ಕೊಳ್ಳೋಳಲ್ಲ. ಬಂದೈತೆ, ಬರ್ಕೊಳ್ಳಿ."

"ದೇವೀರಮ್ಮ" ಎಂದಳು ಅಮ್ಮ. "ಅವತ್ತು ಸಂಜೆ ನಾನು ನಿಮಗೆ ಕುಂಕುಮ ಕೊಟ್ಟಿದ್ನಾ?"

ದೇವೀರಮ್ಮ ಗೋಡೆ ನೋಡಿದರು, ಜಂತೆಯ ಟೀವಿ ನೋಡಿದರು.

"ಹೇಳಿ. ಕೆರೆ ಬಂದ ಮನೇಲಿ ಕುಂಕುಮ ಕೊಡ್ತಾರೋ ಇಲ್ವೋ. ನಾನು ಊರಿಗೆಲ್ಲ ಸುದ್ದಿ ಹೇಳಿದೆ. ಕುಂಕುಮಕ್ಕೆ ಕರೆದೆನಾ? ಬಾರದ ಕೆರೆ ಹೆಸರಲ್ಲಿ ಕುಂಕುಮ ಕೊಡೋ ಧೈರ್ಯ ಮಾತ್ರ ನನಗೆ ಬರ್ಲಿಲ್ಲ."

"ಕೊಡ್ಲಿಲ್ಲ" ಎಂದರು ದೇವೀರಮ್ಮ, ಕೊನೆಗೆ. "ಗೊತ್ತಿತ್ತು ಕಣೆ. ನಮಗೆಲ್ಲ ಗೊತ್ತಿತ್ತು. ನೀನು ಬಂತು ಅಂದೆ, ನಾವೂ ಹೂಂ ಅಂದ್ವಿ. ಅದರಲ್ಲಿ ನಮ್ಮ ಗಂಟೇನು ಹೋಗೋದಿತ್ತು?"

ಅಮ್ಮನಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಮೂಗಿನ ಮೇಲಿನ ಸುಣ್ಣ ಒರೆಸಿಕೊಂಡು ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟಳು. ಇನಾಯತ್ ಅವರು ಹೊರಡುವ ಮುಂಚೆ ಕಂಪನಿಯ ನೀಲಿ ಸ್ಟಿಕ್ಕರೊಂದನ್ನು ನಮ್ಮ ಬಾಗಿಲ ಚೌಕಟ್ಟಿಗೆ ಅಂಟಿಸಿದರು: ನೀರು ಸೋಕದ ಮನೆ. "ಇದು ಇರೋ ತನಕ ನಿಮಗೆ ವಾರಂಟಿ ಉಂಟು. ಕೆರೆ ಬಂದ್ರೆ ಮಾತ್ರ ತಿಳಿಸಿಬಿಡಿ, ತೆಗೀಬೇಕಾಗುತ್ತೆ" ಎಂದರು.

ಕ್ಯಾಮೆರಾ ರಿಪೇರಿಯಾಗಿ ಶಾಲೆ ಶುರುವಾಗುವ ಮುಂಚೆಯೇ ಬಂತು. ಎಲ್ಲ ಮಕ್ಕಳ ತಲೆಗಳೂ ಸರಿಯಾಗಿ ಬಂದವು. ಒಬ್ಬಳ ತಲೆಯಲ್ಲಿ ಹೇನಿದ್ದದ್ದೂ ಬಂತು, ಅಷ್ಟು ಒಳ್ಳೆಯ ಕ್ಯಾಮೆರಾ. ಅಮ್ಮ ಮಾತ್ರ ಬಾಗಿಲ ಸ್ಟಿಕ್ಕರನ್ನು ನೋಡದ ಹಾಗೆ ತಲೆ ತಗ್ಗಿಸಿ ಓಡಾಡುತ್ತಿದ್ದಳು. ಅದು ಕಾಣದಿರಲೆಂದು ಮಾವಿನ ತೋರಣವನ್ನು ಒಂದು ಗೇಣು ಕೆಳಗೆ ಕಟ್ಟಿದ್ದಳು.

ಹೀಗಿರುವಾಗ ಒಂದು ಸಂಜೆ ದೇವೀರಮ್ಮ ಸೆರಗಿನಡಿ ಏನೋ ದೊಡ್ಡದನ್ನು ಮುಚ್ಚಿಕೊಂಡು ಬಂದರು. ಬಿಚ್ಚಿದರೆ ಹೊಸ ಮಿಕ್ಸಿಯ ಪೆಟ್ಟಿಗೆ.

"ಮಂಗಳಾ, ಇದು ನಿನ್ನ ಮನೇಲಿ ಇರ್ಲಿ. ಬಿಲ್ಲು ನಿನ್ನ ವಿಳಾಸಕ್ಕೇ ಬರೆಸಿದೀನಿ. ನಮ್ಮನೇಲಿ ಇದು ನಾಲ್ಕನೇದು, ಮೂರನ್ನ ಆ ಕೆರೆ ಕುಡೀತು."

"ಮತ್ತೆ ಚಟ್ನಿ ರುಬ್ಬೋದು?"

"ಇಲ್ಲೇ ಬಂದು ರುಬ್ಕೊಂಡು ಹೋಗ್ತೀನಿ. ಸುಳ್ಳು ಆಗಬಾರದು ನೋಡು."

ಮಾರನೇ ದಿನದಿಂದ ಪಕ್ಕದ ಮನೆಯವರ ಇಸ್ತ್ರಿ ಪೆಟ್ಟಿಗೆ, ಹಿಂದಿನ ಬೀದಿಯವರ ಟೇಪ್ ರೆಕಾರ್ಡರು, ಯಾರದೋ ಮಗಳ ಲ್ಯಾಪ್‌ಟಾಪು. ನಮ್ಮ ಅಟ್ಟ ತುಂಬಿತು. ಬೆಳಗಾದರೆ ತೆಂಗಿನಕಾಯಿ ತುರಿ ಹಿಡಿದು ಹೆಂಗಸರು ಸಾಲು ನಿಲ್ಲುತ್ತಿದ್ದರು. ಇಸ್ತ್ರಿಗೆ ಬಂದ ಗಂಡಸರು ಜಗಲಿಯಲ್ಲಿ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ಆಟೊದವರು ನಮ್ಮ ಮನೆಗೆ ವಾರಂಟಿ ಮನೆ ಎಂದು ಹೆಸರಿಟ್ಟರು. ಅಮ್ಮ ಅಟ್ಟದ ಕೆಳಗೆ ಯಂತ್ರ ತುಳಿಯುತ್ತಾ, "ಸರದಿ ಪ್ರಕಾರ ರುಬ್ರಮ್ಮ, ನಿಮ್ಮ ಮಿಕ್ಸಿ ಅಂತ ಮೊದಲು ಬಿಡಕ್ಕಾಗಲ್ಲ" ಎಂದು ಅಪ್ಪಣೆ ಕೊಡಿಸುತ್ತಿದ್ದಳು. ತೋರಣ ಒಂದು ದಿನ ತಾನಾಗಿಯೇ ಮೇಲಕ್ಕೆ ಹೋಯಿತು. ಇಷ್ಟು ಜನರ ನಡುವೆ ಸೌಟು ತೊಳೆಯುತ್ತಾ ನಿಲ್ಲಲು ಪರದೆಯ ಹಿಂದೆ ಜಾಗವೇ ಇರಲಿಲ್ಲವಾದ್ದರಿಂದ, ನಾನೂ ಹಜಾರದಲ್ಲಿ ಕೂತು ಮಾತು ಕಲಿತೆ.

ಮಾಘದ ಒಂದು ಮಧ್ಯಾಹ್ನ. ಎಲ್ಲರೂ ಊಟ ಮಾಡಿ ಮಲಗಿದ್ದರು. ಅಮ್ಮ ಫಾಲ್ ಹಚ್ಚುತ್ತಿದ್ದಳು, ನಾನು ಮಂಚದ ಮೇಲೆ ಕಾಲಾಡಿಸುತ್ತಾ ಲೆನ್ಸು ಒರೆಸುತ್ತಿದ್ದೆ.

"ವಾರಿಜಾ, ಕೊಡ ಏನಾದ್ರೂ ಉರುಳಿಸಿದ್ಯಾ?"

"ಇಲ್ವಲ್ಲ."

ಅಮ್ಮ ತಿರುಗಿ ನೋಡಲಿಲ್ಲ. ನೋಡಿದರೆ ಹೊರಟುಹೋಗುತ್ತದೇನೋ ಎಂಬಂತೆ ಹೊಲಿಯುತ್ತಲೇ ಇದ್ದಳು. ನೀರು ಬಾಗಿಲ ಸಂದಿಯಿಂದ, ಹೊಸ ಜಾಗಕ್ಕೆ ಬಂದ ನೆಂಟರ ಹಾಗೆ ಅನುಮಾನಿಸುತ್ತಾ ಬಂತು. ಅಮ್ಮನ ಪಾದ ಮುಟ್ಟಿತು. ಪೆಡಲು ಮುಳುಗಿತು. ಮೊಣಕಾಲಿಗೆ ಬಂದಾಗ ಅವಳು ಎದ್ದಳು. ಗೂಡಿನಲ್ಲಿ ಎಷ್ಟೋ ವರ್ಷದಿಂದ ಸಿದ್ಧವಾಗಿಟ್ಟಿದ್ದ ಬಟ್ಟಲಿನಲ್ಲಿ ಕುಂಕುಮ ಕಲ್ಲಿನಂತೆ ಗಟ್ಟಿಯಾಗಿತ್ತು. ಕೆರೆಯದೇ ಎರಡು ಹನಿ ಹಾಕಿ ಕಲಸಿ, ಕೆರೆಗೇ ಏರಿಸಿದಳು. "ಈಗ ಬಂದ್ಯಾ" ಎಂದಳು. "ಊರೆಲ್ಲ ಅಲೆದು, ಈಗ ದಾರಿ ಗೊತ್ತಾಯ್ತಾ ನಿನಗೆ." ಆಮೇಲೆ ಚಿಪ್ಪನ್ನು ತೆಗೆದು ಮೆಲ್ಲಗೆ ನೀರಿಗೆ ಬಿಟ್ಟಳು. "ತಗೋ, ನಿಂದೇ ಇದು."

ನಾನು ಮಂಚದ ಮೇಲಿನಿಂದ ಕ್ಲಿಕ್ ಎನ್ನಿಸಿದೆ. ಅಮ್ಮ, ಅವಳ ಸುತ್ತ ಕೆರೆ, ನೀರಿನಲ್ಲಿ ತಲೆಕೆಳಗಾಗಿ ಮತ್ತೊಬ್ಬ ಅ‌ಮ್ಮ. ತಲೆಯಿಂದ ಕಾಲಿನ ತನಕ ಇಡಿಯಾಗಿ ಬಂತು.

ಆಮೇಲೆ ನಾವಿಬ್ಬರೂ ಒಟ್ಟಿಗೆ ಅಟ್ಟದ ಕಡೆ ನೋಡಿದೆವು. ಅಲ್ಲಿ ಇಡೀ ಊರಿನ ಪೆಟ್ಟಿಗೆಗಳು ಒಣಗಿದ ಮುಖ ಮಾಡಿಕೊಂಡು ಕೂತಿದ್ದವು.

"ದೇವೀರಮ್ಮನ ಮಿಕ್ಸಿ ವಾರಂಟಿ ಯಾವಾಗಿನ ತಂಕ?" ಅಮ್ಮ ಪಿಸುಮಾತಿನಲ್ಲಿ ಕೇಳಿದಳು.

"ಇನ್ನೊಂದು ದೀಪಾವಳಿ ತನಕ."

ಅಮ್ಮ ನೀರಿನಲ್ಲಿ ನಡೆದುಹೋಗಿ ಬೀದಿ ಬಾಗಿಲ ಚಿಲಕ ಹಾಕಿದಳು. ಕೆರೆಗೆ ಏನು ತಿಳಿಯಿತೋ, ಹೋಗುವಾಗ ಹಿತ್ತಲ ಬಾಗಿಲಿನಿಂದ ಹೋಯಿತು. ನಾವು ಒರೆಸಿದೆವು. ಗೋಡೆಯ ಮೇಲೆ ಒದ್ದೆ ಗುರುತು, ಅಮ್ಮ ಹಿಂದೆ ಎಳೆದು ಅಳಿಸಿದ್ದ ಗೆರೆಗಿಂತ ಎರಡು ಬೆರಳು ಮೇಲೆ. ಅವಳು ಕೆಮ್ಮಣ್ಣಿನ ಬಟ್ಟಲು ತಂದಳು, ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಗೆರೆ ಎಳೆಯದೆ ಬಟ್ಟಲನ್ನು ಒಳಗಿಟ್ಟು ಬಂದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ದೇವೀರಮ್ಮ, ಕೈಯಲ್ಲಿ ನೆನೆಸಿದ ಉದ್ದಿನಬೇಳೆ. "ಹಗಲು ಹೊತ್ತಲ್ಲಿ ಚಿಲಕ ಯಾಕೆ ಹಾಕ್ಕೊಂಡಿದೀರೇ?"

"ಮನೆ ಒರೆಸ್ತಿದ್ದೆ" ಎಂದಳು ಅಮ್ಮ.

ದೇವೀರಮ್ಮ ಒಳಗೆ ಬಂದರು. ಅಮ್ಮನ ಸೀರೆಯ ನೆರಿಗೆ ಮೊಣಕಾಲಿನ ತನಕ ಒದ್ದೆ. ಯಂತ್ರದ ಪೆಡಲಿನ ಕೆಳಗೆ, ಉಳಿದ ಒಂದು ಅಂಗೈ ನೀರಿನಲ್ಲಿ, ಒಂದು ಕಿರುಮೀನು ಬಾಲ ಬಡಿಯುತ್ತಿತ್ತು. ಅವರು ಅದನ್ನು ನೋಡಿದರು. ಅಮ್ಮ ಅವರನ್ನು ನೋಡಿದಳು. ಅಮ್ಮ ಬಟ್ಟಲು ತಂದು, ಇನ್ನೂ ಹಸಿಯಾಗಿದ್ದ ಕುಂಕುಮವನ್ನು ದೇವೀರಮ್ಮನವರ ಹಣೆಗೆ ಇಟ್ಟಳು. ಬೊಟ್ಟು ಸ್ವಲ್ಪ ಸೊಟ್ಟಗಾಯಿತು.

ದೇವೀರಮ್ಮ ಕಣ್ಣು ಮುಚ್ಚಿಕೊಂಡು ಇಡಿಸಿಕೊಂಡರು. ಆಮೇಲೆ ನೆಲದ ಕಡೆ ನೋಡಿ, "ಚೆನ್ನಾಗಿ ಒರೆಸಿದೀಯ ಮಂಗಳಾ" ಎಂದರು. ಉದ್ದಿನಬೇಳೆ ಅಲ್ಲೇ ಮರೆತು ಹೊರಟರು. ಬೀದಿಯಲ್ಲಿ ಯಾರೋ ಅವರನ್ನು ತಡೆದು, ಹಿತ್ತಲ ಕಡೆಯಿಂದ ಅಷ್ಟು ನೀರು ಹರಿದಿದೆಯಲ್ಲ ಎಂದು ಕೇಳಿದ್ದು ಒಳಗೆ ನಮಗೂ ಕೇಳಿಸಿತು. ದೇವೀರಮ್ಮ ಹಣೆಯ ಮೇಲಿನ ಬೊಟ್ಟಿಗೆ ಸೆರಗು ಎಳೆದುಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು:

"ಮನೆ ತೊಳೀತಿದಾಳೆ ಕಣ್ರಪ್ಪ. ಆ ಮನೆಗೆ ಕೆರೆ ಎಲ್ಲಿ ಬರುತ್ತೆ ಬಿಡಿ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ, ಕಿರುಮೀನನ್ನು ಲೋಟಕ್ಕೆ ಹಾಕಿಕೊಂಡು, ಕೆರೆ ಎಲ್ಲಿದೆಯೆಂದು ಯಾರನ್ನೂ ಕೇಳದೆ ಹಿತ್ತಲ ಬಾಗಿಲಿನಿಂದ ಹೊರಟಳು.